ರೆಗಾ ತೋಳಿಗೊಂದು ಐದನೆಯ ತಂತಿ: ಫೋನೋ ಪ್ರಿಆಂಪ್ ಜೋಡಣೆಯ ಟಿಪ್ಪಣಿ

ಎಲ್‌ಪಿ ನುಡಿಸುವ ಟರ್ನ್‌ಟೇಬಲ್ಲಿನಲ್ಲಿ ಸೂಜಿಯನ್ನು ಹಿಡಿದಿರುವ ಪುಟ್ಟ ಭಾಗವೇ ಕಾರ್ಟ್ರಿಜ್; ಅದರ ಬೆನ್ನಿಗೆ ನಾಲ್ಕು ಪಿನ್‌ಗಳಿರುತ್ತವೆ. ಎಡ ಚಾನೆಲ್‌ಗೆ ಬಿಳಿ ಮತ್ತು ನೀಲಿ, ಬಲ ಚಾನೆಲ್‌ಗೆ ಕೆಂಪು ಮತ್ತು ಹಸಿರು. ಬಿಳಿ ಹಾಗೂ ಕೆಂಪು ಸಿಗ್ನಲ್ ಹೊರಡುವ ತಂತಿಗಳು. ನೀಲಿ ಹಾಗೂ ಹಸಿರು ಅದು ಮರಳುವ ದಾರಿ. ಈ ಬಣ್ಣಗಳ ಲೆಕ್ಕ ಬಾಯಿಪಾಠವಾಗಿದೆ ಎಂಬ ಧೈರ್ಯದಿಂದಲೇ ನಾನು ಹೊಸ ಫೋನೋ ಪ್ರಿಆಂಪ್, ಅಂದರೆ ಕಾರ್ಟ್ರಿಜ್‌ನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಪೆಟ್ಟಿಗೆ, ಕಟ್ಟುವುದಕ್ಕೆ ಕೈಹಾಕಿದೆ. ಆದರೆ ಕಾರ್ಟ್ರಿಜ್ ಹೊತ್ತ ತೋಳಿನ, ಅಂದರೆ ಟೋನ್‌ಆರ್ಮ್‌ನ, ಲೋಹವನ್ನೂ ಎಲ್ಲಿಯಾದರೂ ಗ್ರೌಂಡಿಗೆ (ಸರ್ಕಿಟ್‌ನ ಸೊನ್ನೆಗೆ) ಸೇರಿಸಬೇಕು, ಆ ಐದನೆಯ ಸಂಪರ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ನೋಡಿಯೇ ಪ್ರಿಆಂಪ್‌ನ ಇನ್‌ಪುಟ್ ಭಾಗದ ನಕ್ಷೆ ಬರೆಯಬೇಕು ಎಂಬ ವಿಷಯ ತಲೆಗೆ ಇಳಿಯಲು ಮೂರು ವಾರ, ಎರಡು ಕೇಬಲ್ ಮತ್ತು ತುಂಡಾದ ಒಂದು ತಂತಿ ಖರ್ಚಾದವು.

ಟರ್ನ್‌ಟೇಬಲ್ ರೆಗಾ ಪ್ಲೇನರ್ 3, ಅದರ ಮೇಲಿನ ತೋಳು ಆರ್‌ಬಿ 300. ರೆಗಾ 1973ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಕಂಪನಿ; ಆರ್‌ಬಿ 300 ತೋಳನ್ನು ಅದು 1983ರಲ್ಲಿ ಹೊರತಂದಿತು. ಕಾರ್ಟ್ರಿಜ್ ಕೂರುವ ತುದಿಯಾದ ಹೆಡ್‌ಶೆಲ್ ಮತ್ತು ಕೊಳವೆ ಒಂದೇ ಎರಕದ ಅಲ್ಯೂಮಿನಿಯಂ ಆಗಿರುವುದು ಈ ತೋಳಿನ ವಿಶೇಷ. ಹೆಡ್‌ಶೆಲ್ ಬಿಚ್ಚಲು ಬರುವುದಿಲ್ಲವಾದ್ದರಿಂದ ಅಲ್ಲಿ ತುಕ್ಕು ಹಿಡಿಯುವ ಸಂಪರ್ಕಗಳೂ ಇಲ್ಲ. ಕಾರ್ಟ್ರಿಜ್‌ನ ಪಿನ್‌ಗಳಿಂದ ತೋಳಿನ ಬುಡದವರೆಗೆ ಸಪೂರ ತಂತಿ ನೇರವಾಗಿ ಓಡುತ್ತದೆ. ಲೆಸ್ಟರ್‌ನಲ್ಲಿ ನೆಲೆಸಿದ್ದ ಸೋದರಮಾವ ಮೈಸೂರಿಗೆ ಮರಳುವಾಗ ಇದನ್ನು ಸ್ವೆಟರ್‌ಗಳ ನಡುವೆ ಸುತ್ತಿ ತಂದು ನನಗೆ ಕೊಟ್ಟರು. ಬ್ರಿಟನ್ನಿನ ವಿದ್ಯುತ್ತೂ ನಮ್ಮದರಂತೆ 50 ಹರ್ಟ್ಸ್‌ನದೇ ಆದ್ದರಿಂದ ಮೋಟರಿನ ತಂಟೆಗೆ ಹೋಗುವ ಅಗತ್ಯ ಬೀಳಲಿಲ್ಲ. ಅಮೆರಿಕದಿಂದ ಬಂದಿದ್ದರೆ 60 ಹರ್ಟ್ಸ್‌ಗೆಂದು ಮಾಡಿದ ಪುಲ್ಲಿ ಇಲ್ಲಿ ಆರನೆಯ ಒಂದು ಪಾಲು ನಿಧಾನವಾಗಿ ತಿರುಗಿ, ಎಲ್ಲ ಗಾಯಕರೂ ಮಂದ್ರದಲ್ಲೇ ಹಾಡುತ್ತಿದ್ದರು. ಮಾವನಿಗಿಂತ ಮುಂಚೆ ಇದನ್ನು ಇಟ್ಟುಕೊಂಡಿದ್ದವರು ಯಾರೋ ಮೂಲ ಕೇಬಲ್ ತೆಗೆದು, 1.6 ಮೀಟರ್ ಉದ್ದದ, ಹೆಬ್ಬೆರಳು ಗಾತ್ರದ ಕೊಆಕ್ಸಿಯಲ್ ಕೇಬಲ್ ಬೆಸೆದಿದ್ದರು. ನೋಡಲು ಭರ್ಜರಿಯಾಗಿತ್ತು.

ಮೊದಲ ದಿನ ಕಾರ್ಟ್ರಿಜ್‌ನ ಕ್ಲಿಪ್‌ಗಳನ್ನು ಬಿಡಿಸಿಟ್ಟು ಮಲ್ಟಿಮೀಟರ್ ಹಿಡಿದೆ. ಕ್ಲಿಪ್ ಬಿಡಿಸದೆ ಓಮ್ ಅಳೆಯಲು ಹೋಗಬಾರದು, ಏಕೆಂದರೆ ಮೀಟರ್ ತನ್ನ ಕರೆಂಟನ್ನು ಕಾರ್ಟ್ರಿಜ್‌ನ ಸುರುಳಿಯ ಮೂಲಕವೇ ಹರಿಸುತ್ತದೆ. ನಾಲ್ಕೂ ತಂತಿಗಳು ಪ್ಲಗ್‌ವರೆಗೆ ಸರಿಯಾಗಿ ತಲುಪಿದ್ದವು. ಆಮೇಲೆ ಮೀಟರಿನ ಒಂದು ಮೊನೆಯನ್ನು ತೋಳಿನ ಲೋಹಕ್ಕೂ ಇನ್ನೊಂದನ್ನು ಪ್ಲಗ್‌ಗಳ ಹೊರಬಳೆಗೂ ಮುಟ್ಟಿಸಿದಾಗ, ಬಲ ಪ್ಲಗ್‌ನಲ್ಲಿ ಮೌನ, ಎಡ ಪ್ಲಗ್‌ನಲ್ಲಿ ಬೀಪ್. ಇದು ದೋಷವಲ್ಲ, ರೆಗಾದವರ ಪದ್ಧತಿಯೇ ಹಾಗೆ. ಬೇರೆ ಟರ್ನ್‌ಟೇಬಲ್‌ಗಳಲ್ಲಿ ಕಾಣುವ ಪ್ರತ್ಯೇಕ ಗ್ರೌಂಡ್ ತಂತಿ ಇವುಗಳಲ್ಲಿ ಇರುವುದಿಲ್ಲ. ತೋಳಿನ ಲೋಹವನ್ನು ಎಡ ಚಾನೆಲ್‌ನ ಮರಳು ತಂತಿಗೆ, ಅಂದರೆ ನೀಲಿಗೆ, ಒಳಗೇ ಸೇರಿಸಿಬಿಡುತ್ತಾರೆ. ಸಾಮಾನ್ಯ ಪ್ರಿಆಂಪ್‌ನಲ್ಲಿ ಎರಡೂ ಸಾಕೆಟ್‌ಗಳ ಹೊರಬಳೆ ಗ್ರೌಂಡಿಗೆ ಕೂಡಿರುವುದರಿಂದ, ಎಡ ಪ್ಲಗ್ ಸಿಕ್ಕಿಸಿದ ಕ್ಷಣವೇ ತೋಳೂ ಗ್ರೌಂಡ್ ಆಗುತ್ತದೆ. ಒಂದು ತಂತಿ ಉಳಿಯಿತು, ಅದನ್ನು ಸಿಕ್ಕಿಸಲು ಮರೆಯುವ ಗಿರಾಕಿಯ ಫೋನ್ ಕರೆಯೂ ಉಳಿಯಿತು. ಜಾಣತನದ ಏರ್ಪಾಡು ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ, ಕೆಳಗೆ ಎರಡು ಗೆರೆಯನ್ನೂ ಎಳೆದೆ, ಮತ್ತು ಮರೆತೆ.

ಮರೆತದ್ದರ ಮೊದಲ ದಂಡ ಅಂದೇ ಸಂಜೆ ತೆತ್ತೆ. ಮನೆಯಲ್ಲಿದ್ದ ಹಳೆಯ ರಿಸೀವರ್‌ನ ಫೋನೋ ಸಾಕೆಟ್‌ಗೆ ಇದನ್ನು ಸಿಕ್ಕಿಸಿದಾಗ ಸದ್ದುಗದ್ದಲವಿಲ್ಲದೆ ಹಾಡಿತು. ಆದರೆ ಸಾಕೆಟ್‌ನ ಪಕ್ಕದಲ್ಲಿ ಗ್ರೌಂಡ್ ಸ್ಕ್ರೂ ಖಾಲಿ ಇರುವುದನ್ನು ಕಂಡು ಕೈ ಸುಮ್ಮನಿರದೆ, ತೋಳಿನ ಬುಡದ ನಟ್ಟಿನಿಂದ ಅಲ್ಲಿಗೆ ಒಂದು ತಂತಿ ಎಳೆದೆ. ತಕ್ಷಣ ಎಡ ಸ್ಪೀಕರಿನಲ್ಲಿ ಹಮ್, ಅಂದರೆ ಗುಂಯ್ ಎಂಬ ಸದ್ದು, ಏರಿತು. ತೋಳು ಆಗಲೇ ಎಡ ಕೇಬಲ್ಲಿನ ಹೊರಹೆಣಿಗೆಯ ಮೂಲಕ ಗ್ರೌಂಡ್ ಆಗಿತ್ತು. ನಾನು ಎಳೆದದ್ದು ಎರಡನೆಯ ದಾರಿ. ಎರಡು ದಾರಿಗಳು ಸೇರಿ ಒಂದು ಬಳೆಯಾದವು, ಆ ಬಳೆಯೊಳಗೆ ಸುತ್ತಲಿನ ಟ್ರಾನ್ಸ್‌ಫಾರ್ಮರ್‌ಗಳ ಕಾಂತಕ್ಷೇತ್ರ ಕರೆಂಟ್ ಹುಟ್ಟಿಸಿತು, ಆ ಕರೆಂಟ್ ಹರಿದದ್ದು ಸಿಗ್ನಲ್ಲಿನ ಮರಳು ತಂತಿಯಲ್ಲಿಯೇ. ತಂತಿ ಕಿತ್ತಾಗ ಸದ್ದು ಇಳಿಯಿತು. ರೆಗಾ ತೋಳಿಗೆ ಸಾಮಾನ್ಯ ಪ್ರಿಆಂಪ್ ಜೋಡಿಸುವವರು ಇಲ್ಲಿಗೇ ನಿಲ್ಲಿಸಿದರೆ ಸಾಕು.

ನಾನು ನಿಲ್ಲಿಸದಿರಲು ಕಾರಣ ಇನ್ವರ್ಟರ್. ಟರ್ನ್‌ಟೇಬಲ್ ಕೂತಿರುವ ಗೋಡೆಯ ಆಚೆ ಬದಿಯಲ್ಲಿ, ಮೆಟ್ಟಿಲ ಕೆಳಗೆ, ಮನೆಯ ಇನ್ವರ್ಟರ್ ಮತ್ತು ಅದರ ಬ್ಯಾಟರಿ ಇವೆ. ಕರೆಂಟ್ ಹೋದಾಗ ಅದು ಹೊರಡಿಸುವ ಒರಟು ಅಲೆಯ ಝೇಂಕಾರ ಫೋನೋ ಇನ್‌ಪುಟ್‌ನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಕಾರ್ಟ್ರಿಜ್ ಎನ್ನುವುದು ಯಾವ ಬದಿಯೂ ಗ್ರೌಂಡಿಗೆ ಕಟ್ಟಿರದ, ಎರಡು ತುದಿಗಳ ಸುರುಳಿ. ಅದರ ಎರಡೂ ತುದಿಗಳನ್ನು ಸಮಾನವಾಗಿ ನಡೆಸಿಕೊಂಡು, ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ವರ್ಧಿಸುವ ಡಿಫರೆನ್ಷಿಯಲ್ ಇನ್‌ಪುಟ್ ಕಟ್ಟಿದರೆ, ಎರಡೂ ತಂತಿಗಳ ಮೇಲೆ ಒಂದೇ ರೀತಿ ಬೀಳುವ ಹೊರಗಿನ ಗದ್ದಲ ಕಳೆದುಹೋಗುತ್ತದೆ. ಇದಕ್ಕೆ ಬೆಲೆಯೂ ಇದೆ: ಇನ್‌ಪುಟ್‌ನಲ್ಲಿ ಒಂದರ ಬದಲು ಎರಡು ಆಂಪ್‌ಗಳು ಕೂರುವುದರಿಂದ ಅವುಗಳ ಸ್ವಂತ ಸುಯ್ಯೆನ್ನುವ ನಾಯ್ಸ್ 3 ಡೆಸಿಬಲ್ ಹೆಚ್ಚುತ್ತದೆ. ಒಂದು ಮೀಟರ್ ಕೇಬಲ್ಲಿನ ಸಾಧಾರಣ ಮೂವಿಂಗ್ ಮ್ಯಾಗ್ನೆಟ್ (ಸೂಜಿಯ ಜೊತೆ ಅಯಸ್ಕಾಂತ ಅಲುಗುವ ಬಗೆಯ) ಕಾರ್ಟ್ರಿಜ್‌ಗೆ ಇಷ್ಟೆಲ್ಲ ಬೇಡ ಎಂದೇ ನನ್ನ ಅಭಿಪ್ರಾಯ. ಗೋಡೆಯಾಚೆ ಇನ್ವರ್ಟರ್ ಇಲ್ಲದವರು ಈ ಹಾದಿ ಹಿಡಿಯಬೇಕಿಲ್ಲ.

ಸರ್ಕಿಟ್ ಹೊಸದೇನಲ್ಲ. ಪ್ರತಿ ಚಾನೆಲ್‌ಗೆ ಒಂದು ಒಪಿಎ 2134 ಚಿಪ್. ಅದರ ಎರಡು ಆಂಪ್‌ಗಳು ಸುರುಳಿಯ ಎರಡು ತುದಿಗಳನ್ನು ಎದುರುಗೊಳ್ಳುತ್ತವೆ. ಫೀಡ್‌ಬ್ಯಾಕ್‌ನಲ್ಲಿ ಎರಡು 2.2 ಕಿಲೋಓಮ್, ನಡುವೆ 220 ಓಮ್, ಹೀಗಾಗಿ ವರ್ಧನೆ 21 ಪಟ್ಟು. ಅದರ ಮುಂದೆ ನಾಲ್ಕು 10 ಕಿಲೋಓಮ್ ರೆಸಿಸ್ಟರ್‌ಗಳ ವ್ಯವಕಲನ ಹಂತ. ಆಮೇಲೆ, ಎಲ್‌ಪಿ ಕೊರೆಯುವಾಗ ತಗ್ಗಿಸಿದ ಮಂದ್ರವನ್ನು ಏರಿಸಿ, ಏರಿಸಿದ ತಾರವನ್ನು ತಗ್ಗಿಸುವ ಆರ್‌ಐಎಎ ಸಮೀಕರಣ: 3180 ಮತ್ತು 318 ಮೈಕ್ರೋಸೆಕೆಂಡಿನ ಭಾಗ ಫೀಡ್‌ಬ್ಯಾಕ್‌ನಲ್ಲಿ, 75 ಮೈಕ್ರೋಸೆಕೆಂಡಿನದು ಅದರ ಹಿಂದೆ ಬರಿಯ ರೆಸಿಸ್ಟರ್ ಮತ್ತು ಕೆಪ್ಯಾಸಿಟರ್‌ನಲ್ಲಿ. 1 ಕಿಲೋಹರ್ಟ್ಸ್‌ನಲ್ಲಿ ಒಟ್ಟು ವರ್ಧನೆ 105 ಪಟ್ಟು, ಅಂದರೆ 40 ಡೆಸಿಬಲ್‌ಗಿಂತ ತುಸು ಹೆಚ್ಚು. ಕಾರ್ಟ್ರಿಜ್ ಕಾಣಬೇಕಾದ 47 ಕಿಲೋಓಮ್ ಭಾರವನ್ನು ಎರಡಾಗಿ ಸೀಳಿ, ಪ್ರತಿ ತಂತಿಯಿಂದ ಗ್ರೌಂಡಿಗೆ 23.7 ಕಿಲೋಓಮ್ ಇಟ್ಟೆ. ಎರಡೂ ಸೇರಿ 47.4. ಈ ಜೋಡಿಗಳು ಒಂದಕ್ಕೊಂದು ಹೊಂದಬೇಕಾದ್ದರಿಂದ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಒಂದೇ ಪಟ್ಟಿಯ 20 ರೆಸಿಸ್ಟರ್ ಕೊಂಡು ತಂದು, ಊಟದ ಮೇಜಿನ ಮೇಲೆ ಒಂದೊಂದಾಗಿ ಅಳೆದು, ಅತ್ಯಂತ ಸಮೀಪದ ನಾಲ್ಕನ್ನು ಆರಿಸಿದೆ. ಮಿಕ್ಕ 16 ಇನ್ನೂ ಉಪ್ಪಿನಕಾಯಿಯ ಹಳೆಯ ಶೀಷೆಯಲ್ಲಿವೆ.

ಪ್ರಿಆಂಪ್ ಸಿದ್ಧವಾದ ರಾತ್ರಿ, ಆ ದಪ್ಪ ಕೊಆಕ್ಸಿಯಲ್ ಕೇಬಲ್ಲಿನ ಪ್ಲಗ್‌ಗಳನ್ನೇ ಸಿಕ್ಕಿಸಿ ಆನ್ ಮಾಡಿದೆ. ಎರಡೂ ಸ್ಪೀಕರ್‌ಗಳಲ್ಲಿ ಜೇನುಗೂಡಿಗೆ ಕಲ್ಲು ಹೊಡೆದಂತಹ ಸದ್ದು. ಹತ್ತು ನಿಮಿಷ ಪವರ್ ಸಪ್ಲೈಯನ್ನು ಅನುಮಾನಿಸಿದ ಮೇಲೆ ಸತ್ಯ ಹೊಳೆಯಿತು. ಕೊಆಕ್ಸಿಯಲ್ ಕೇಬಲ್ಲಿನಲ್ಲಿ ಹೊರಗಿನ ತಾಮ್ರದ ಹೆಣಿಗೆಯೇ ಮರಳು ತಂತಿ. ಗ್ರೌಂಡಿಗೆ ಕಟ್ಟಿದಾಗ ಮಾತ್ರ ಆ ಹೆಣಿಗೆ ಒಳತಂತಿಗೆ ಕವಚವಾಗುತ್ತದೆ. ನನ್ನ ಇನ್‌ಪುಟ್‌ನಲ್ಲಿ ಅದು 23.7 ಕಿಲೋಓಮ್‌ನ ಆಚೆ ತೇಲುತ್ತಿತ್ತು, ಕವಚವಾಗಬೇಕಾದದ್ದು 1.6 ಮೀಟರ್ ಉದ್ದದ ಏರಿಯಲ್ ಆಗಿ ನಿಂತಿತ್ತು. ಡಿಫರೆನ್ಷಿಯಲ್ ಇನ್‌ಪುಟ್‌ಗೆ ಬೇಕಾದದ್ದು ಎರಡು ಒಳತಂತಿಗಳೂ, ಅವೆರಡನ್ನೂ ಸುತ್ತಿದ ಪ್ರತ್ಯೇಕ ಶೀಲ್ಡೂ ಇರುವ ಮೈಕ್ರೋಫೋನ್ ಬಗೆಯ ಕೇಬಲ್. ಆ ಶೀಲ್ಡ್ ಪ್ರಿಆಂಪ್‌ನ ಪೆಟ್ಟಿಗೆಗೆ ಮಾತ್ರ ಕಟ್ಟಿಕೊಂಡು, ತೋಳಿನ ಕಡೆಯಲ್ಲಿ ಎಲ್ಲಿಗೂ ಮುಟ್ಟದೆ ಇರಬೇಕು. ಮರುದಿನ ಒಂದು ಮೀಟರಿನ ಎರಡು ತುಂಡು ತಂದೆ. ಟರ್ನ್‌ಟೇಬಲ್ಲಿನ ಅಡಿಯಲ್ಲಿ, ತೋಳಿನಿಂದ ಹೊರಬಂದ ಕೇಬಲ್ಲನ್ನು ಬುಡದ ಹೊರಗೆ ಎರಡು ಇಂಚು ಬಿಟ್ಟು ಕತ್ತರಿಸಿ, ಅಲ್ಲಿ ಹೊಸದನ್ನು ತಾತ್ಕಾಲಿಕವಾಗಿ ಬೆಸೆದೆ.

ಬಲ ಸ್ಪೀಕರ್ ಮೌನವಾಯಿತು. ವಾಲ್ಯೂಮ್ ಪೂರ್ತಿ ಏರಿಸಿದರೂ ಕಿವಿ ಹತ್ತಿರ ತಂದಾಗ ಮಾತ್ರ ತೆಳುವಾದ ಸುಯ್ ಸದ್ದು. ಎಡ ಸ್ಪೀಕರ್ ಮೊದಲಿಗಿಂತ ಕಡಿಮೆಯಾದರೂ ಗುಂಯ್ ಎನ್ನುತ್ತಲೇ ಇತ್ತು. ಮೋಟರ್ ನಿಲ್ಲಿಸಿದರೂ ಅಷ್ಟೇ, ತೋಳನ್ನು ತಟ್ಟೆಯ ಮೇಲೆ ತಂದರೂ ಅಷ್ಟೇ. ಸೂಜಿ ಎತ್ತುವ ಬೆರಳ್ಹಿಡಿಯನ್ನು ಮುಟ್ಟಿದರೆ ಮಾತ್ರ ಸದ್ದು ಎಡಗಡೆಯಲ್ಲಿ ಅಬ್ಬರಿಸಿ ಏಳುತ್ತಿತ್ತು. ಕೈ ತೆಗೆದರೆ ಮತ್ತೆ ಹಳೆಯ ಗುಂಯ್. ಮುಟ್ಟಿದಾಗ ಹೆಚ್ಚುವ ಹಮ್ ಎಂದರೆ ಆ ಲೋಹ ಗ್ರೌಂಡ್ ಆಗಿಲ್ಲ ಎಂದರ್ಥ. ಆಗ ನೋಟ್‌ಬುಕ್ ತೆರೆದೆ. ಎರಡು ಗೆರೆ ಎಳೆದ ವಾಕ್ಯ ನನ್ನನ್ನೇ ನೋಡುತ್ತಿತ್ತು.

ತೋಳಿನ ಇಡೀ ಲೋಹ ನೀಲಿ ತಂತಿಗೆ ಕಟ್ಟಿಕೊಂಡಿದೆ; ನೀಲಿ ತಂತಿ ನನ್ನ ಪ್ರಿಆಂಪ್‌ನಲ್ಲಿ ಗ್ರೌಂಡ್ ಅಲ್ಲ, ಇನ್‌ಪುಟ್‌ನ ಒಂದು ಕಾಲು. ಆದ್ದರಿಂದ ತೋಳು ಗಾಳಿಯಿಂದ ಹಿಡಿಯುವ 50 ಹರ್ಟ್ಸ್‌ನ ಸಣ್ಣ ಕರೆಂಟ್ ಇಳಿದುಹೋಗಲು ಎರಡೇ ದಾರಿ. ಅರ್ಧ ನೇರವಾಗಿ ನೀಲಿಯ 23.7 ಕಿಲೋಓಮ್‌ನ ಮೂಲಕ ಗ್ರೌಂಡಿಗೆ ಹೋಗುತ್ತದೆ; ಇನ್ನರ್ಧ ಕಾರ್ಟ್ರಿಜ್‌ನ ಸುರುಳಿಯನ್ನು ದಾಟಿ ಬಿಳಿಯ 23.7 ಕಿಲೋಓಮ್‌ನ ಮೂಲಕ ಹೋಗುತ್ತದೆ. ಎರಡೂ ಕಾಲುಗಳಲ್ಲಿ ಸಮನಾಗಿ ಏಳುವ ವೋಲ್ಟೇಜನ್ನು ಸರ್ಕಿಟ್ ಕಳೆದುಹಾಕುತ್ತದೆ, ಅದರ ಚಿಂತೆಯಿಲ್ಲ. ಆದರೆ ಸುರುಳಿಯನ್ನು ದಾಟುವಾಗ ಆಗುವ ವೋಲ್ಟೇಜಿನ ಇಳಿತ ನಿಜವಾದ ಸಿಗ್ನಲ್ಲಿನಂತೆಯೇ ಕಾಣುತ್ತದೆ, ಅದನ್ನು ಕಳೆಯುವ ಉಪಾಯ ಯಾವ ಡಿಫರೆನ್ಷಿಯಲ್ ಆಂಪ್‌ಗೂ ಇಲ್ಲ. ನನ್ನ ಕಾರ್ಟ್ರಿಜ್ ಆಡಿಯೋ ಟೆಕ್ನಿಕಾದ ವಿಎಂ 95 ಇ; ಸುರುಳಿಯ ರೋಧ 485 ಓಮ್, ಇಂಡಕ್ಟೆನ್ಸ್ 550 ಮಿಲಿಹೆನ್ರಿ, 50 ಹರ್ಟ್ಸ್‌ನಲ್ಲಿ ಎರಡೂ ಸೇರಿ ಸುಮಾರು 515 ಓಮ್. ಬೆರಳು ಮುಟ್ಟಿದಾಗ 1 ಮೈಕ್ರೋಆಂಪಿಯರ್ ಹರಿಯಿತು ಎಂದು ಹಿಡಿದರೆ, ಅದರ ಅರ್ಧ ಸುರುಳಿಯಲ್ಲಿ 0.26 ಮಿಲಿವೋಲ್ಟ್ ಹುಟ್ಟಿಸುತ್ತದೆ. ಸಂಗೀತದ ಸಿಗ್ನಲ್ ಇರುವುದೇ 4 ಮಿಲಿವೋಲ್ಟ್ ಆಸುಪಾಸಿನಲ್ಲಿ. ಸಾಲದ್ದಕ್ಕೆ ಆರ್‌ಐಎಎ ಸಮೀಕರಣ 50 ಹರ್ಟ್ಸನ್ನು 1 ಕಿಲೋಹರ್ಟ್ಸ್‌ಗಿಂತ 17 ಡೆಸಿಬಲ್, ಅಂದರೆ 7 ಪಟ್ಟು, ಹೆಚ್ಚು ಎತ್ತುತ್ತದೆ. ಅಬ್ಬರಿಸದೆ ಇನ್ನೇನು ಮಾಡೀತು? ಬಲ ಚಾನೆಲ್‌ನ ಹಸಿರು ತಂತಿಗೆ ಇಂತಹ ನಂಟು ಇಲ್ಲದ್ದರಿಂದ ಅದು ಸುಮ್ಮನಿತ್ತು.

ಎರಡು ಪರಿಹಾರಗಳಿದ್ದವು. ಪ್ರಿಆಂಪ್‌ನಲ್ಲಿ ಎಡ ಚಾನೆಲ್‌ನ ನೀಲಿ ಕಾಲನ್ನು ಗ್ರೌಂಡಿಗೆ ಕಟ್ಟಿ, ಆ ಒಂದು ಬದಿಯನ್ನು ಸಾಮಾನ್ಯ ಇನ್‌ಪುಟ್ ಆಗಿಸುವುದು ಸುಲಭದ ದಾರಿ. ಆದರೆ ಬಲ ಒಂದು ರೀತಿ, ಎಡ ಇನ್ನೊಂದು ರೀತಿ ಇರುವ ಪೆಟ್ಟಿಗೆಯನ್ನು ನೋಡುತ್ತ ಇರುವುದು ನನ್ನಿಂದಾಗದು. ಇನ್ನೊಂದು, ತೋಳಿನೊಳಗಿನ ಆ ನಂಟನ್ನು ಕಡಿದು, ಲೋಹಕ್ಕೆ ಅದರದೇ ತಂತಿ ಕೊಡುವುದು. ಎರಡನೆಯದನ್ನೇ ಹಿಡಿದೆ.

ಕಾರ್ಟ್ರಿಜ್ ಕಳಚಿ ಡಬ್ಬಿಯಲ್ಲಿಟ್ಟೆ, ಏಕೆಂದರೆ ಬೆಸುಗೆಯ ಬಿಸಿ ತಂತಿಗುಂಟ ಪಿನ್‌ಗೆ ತಲುಪಿದರೆ ಕೂದಲಿನಂತಹ ಸುರುಳಿಯ ಕೊನೆ ಒಳಗೇ ಬಿಟ್ಟುಕೊಳ್ಳುತ್ತದೆ. ಹಿಂಭಾರದ ತೂಕ ತೆಗೆದು, ತೋಳನ್ನು ಅದರ ಊರೆಗೆ ಕಾಗದದ ಟೇಪಿನಿಂದ ಕಟ್ಟಿ, ಗಾಜಿನ ತಟ್ಟೆಯನ್ನು ಮಂಚದ ಮೇಲಿಟ್ಟು, ಟರ್ನ್‌ಟೇಬಲ್ಲನ್ನು ಎರಡು ದಿಂಬುಗಳ ಮೇಲೆ ಬೋರಲು ಮಲಗಿಸಿದೆ. ಬುಡದ ದೊಡ್ಡ ನಟ್ಟು ಸಡಿಲಿಸಿದಾಗ ತೋಳು ಕೆಳಗಿನಿಂದ ಕೈಗೆ ಬಂತು. ಒಳಗೆ, ಟಾರ್ಚ್ ಬೆಳಕಿನಲ್ಲಿ, ನಾಲ್ಕು ಸಪೂರ ತಂತಿಗಳು ಹೊರಕೇಬಲ್ಲಿಗೆ ಸೇರುವ ಬೆಸುಗೆಗಳು ಕಂಡವು. ನೀಲಿಯದರ ಪಕ್ಕದಿಂದ ಲೋಹದ ಕಡೆಗೆ ಹೊರಟ ಒಂದು ಪುಟ್ಟ ಸೇತುವೆಯೂ ಕಂಡಿತು. ಕತ್ತರಿಸಿದ್ದು ಅದೊಂದನ್ನೇ. ಮೀಟರ್ ಹಿಡಿದೆ: ತೋಳಿಗೂ ನೀಲಿಗೂ ಈಗ ಬೀಪ್ ಇಲ್ಲ. ಲೋಹದ ಕಡೆ ಉಳಿದ ಮೋಟಿಗೆ ಕಪ್ಪು ಹೊದಿಕೆಯ ಮೃದುವಾದ ತಂತಿ ಬೆಸೆದೆ. ಐದನೆಯ ತಂತಿ ಹುಟ್ಟಿತು.

ಅಷ್ಟರಲ್ಲಿ ಹಳೆಯ ಕೇಬಲ್ಲಿನ ಮೋಟು ಬಿಡಿಸುವಾಗ ಕೆಂಪು ತಂತಿ ತುಂಡಾಯಿತು. ಜಗ್ಗಿದ್ದಕ್ಕಲ್ಲ, ಹಳೆಯ ಬೆಸುಗೆ ಕರಗುವುದನ್ನು ಕಾಯದೆ ಇಕ್ಕಳದಿಂದ ಒಂದಿಷ್ಟು ಅಲುಗಿಸಿದ್ದಕ್ಕೆ. ಬೆಸುಗೆ ಮುಗಿದು ತಂತಿ ಶುರುವಾಗುವ ಜಾಗದಲ್ಲಿ, ಸೀಸ ಹೀರಿ ಗಟ್ಟಿಯಾದ ಅರ್ಧ ಮಿಲಿಮೀಟರಿನಲ್ಲಿ, ಅದು ಒಣ ಹುಲ್ಲಿನಂತೆ ಮುರಿಯಿತು. ಈ ತಂತಿಯ ಒಂದೊಂದು ಎಳೆಗೂ ಎನಾಮಲ್ ಲೇಪವಿತ್ತು. ಬ್ಲೇಡಿನಿಂದ ಕೆರೆದರೆ ಲೇಪದ ಜೊತೆ ಎಳೆಯೂ ಹೋಗುತ್ತದೆ. ಐರನ್ನಿನ ಬಿಸಿಯನ್ನು 390 ಡಿಗ್ರಿಗೆ ಏರಿಸಿ, ಮೊನೆಯಲ್ಲಿ ಒಂದು ದೊಡ್ಡ ಹನಿ ಕರಗಿದ ಬೆಸುಗೆ ನಿಲ್ಲಿಸಿ, ತಂತಿಯ ತುದಿಯನ್ನು ಫ್ಲಕ್ಸ್‌ನಲ್ಲಿ ಅದ್ದಿ ಆ ಹನಿಯೊಳಗೆ ಮೆಲ್ಲಗೆ ಇಳಿಸಿದೆ. ಎರಡು ಸೆಕೆಂಡು ಏನೂ ಆಗಲಿಲ್ಲ. ಮೂರನೆಯದಕ್ಕೆ ಸಣ್ಣ ಹೊಗೆ ಎದ್ದು, ಕಂದು ಬಣ್ಣದ ತುದಿ ಇದ್ದಕ್ಕಿದ್ದಂತೆ ಬೆಳ್ಳಿಯಾಯಿತು. ಮಿಕ್ಕ ಬೆಸುಗೆಗಳನ್ನೆಲ್ಲ 320 ಡಿಗ್ರಿಗೆ ಇಳಿಸಿ ಮಾಡಿದೆ. ಹೊಗೆಯಿಂದ ದೂರವಿರಲು ಕಿಟಕಿ ತೆರೆದು, ಫ್ಯಾನನ್ನು ಮಾತ್ರ ನಿಲ್ಲಿಸಿದ್ದೆ. ಇಂತಹ ತಂತಿ ಫ್ಯಾನಿನ ಗಾಳಿಗೂ ಜಾಗ ಬದಲಿಸುತ್ತದೆ.

ಕೆಂಪು ತಂತಿ ಈಗ ಉಳಿದ ಮೂರಕ್ಕಿಂತ 4 ಮಿಲಿಮೀಟರ್ ಗಿಡ್ಡ. ಅದೇನು ಮಹಾ ಎಂದುಕೊಂಡು ಎಲ್ಲ ಜೋಡಿಸಿ, ಕಾರ್ಟ್ರಿಜ್ ಕೂರಿಸಿ, ತೋಳನ್ನು ತುಸು ಹೊರಕ್ಕೆ ಎಳೆಯುವ ಆಂಟಿಸ್ಕೇಟಿಂಗ್ ಸೊನ್ನೆಗಿಟ್ಟು, ತೋಳು ಗಾಳಿಯಲ್ಲಿ ಸಮತಲವಾಗಿ ತೇಲುವಂತೆ ಹಿಂಭಾರ ಹೊಂದಿಸಿದೆ. ತಟ್ಟೆಯ ನಡುವಿಗೆ ತಂದು ಬಿಟ್ಟರೆ ತೋಳು ತಾನಾಗಿ ಒಂದು ಬೆರಳಿನ ಅಗಲದಷ್ಟು ಹೊರಕ್ಕೆ ಸರಿದು ನಿಂತಿತು. ತಂತಿಯ ಬಿಗಿ ತೋಳನ್ನು ಎಳೆಯುತ್ತಿತ್ತು. ಸೂಜಿಯ ಭಾರವೇ 2 ಗ್ರಾಂ ಇರುವಲ್ಲಿ ಇಂತಹ ಎಳೆತವನ್ನು ಬಿಡುವಂತಿಲ್ಲ. ಮತ್ತೆ ದಿಂಬು, ಮತ್ತೆ ಟಾರ್ಚ್. ಹೊರಕೇಬಲ್ಲಿನ ಕೆಂಪು ಎಳೆಯನ್ನು 6 ಮಿಲಿಮೀಟರ್ ಒಳಕ್ಕೆ ತಂದು, ಸಪೂರ ತಂತಿಗೆ ಮಿಕ್ಕವುಗಳಷ್ಟೇ ಸಡಿಲ ಕೊಟ್ಟೆ. ಈ ಸಲ ತೋಳು ಬಿಟ್ಟಲ್ಲಿ ನಿಂತಿತು. ತೋಳಿನ ತಂತಿ ಮುಟ್ಟಿದವರು ಈ ಪರೀಕ್ಷೆ ಮಾಡದೆ ಅಡಿ ಮುಚ್ಚಬಾರದು.

ಪ್ಲಗ್‌ಗೆ ಐದು ಪಿನ್ನಿನ, ದುಂಡಗಿನ ಡಿನ್ ಬಗೆಯದನ್ನು ಆರಿಸಿದೆ: ನಾಲ್ಕು ಸಿಗ್ನಲ್, ನಡುವಿನ 2ನೆಯ ಪಿನ್ ತೋಳಿನ ಕಪ್ಪು ತಂತಿಗೆ, ಎರಡು ಶೀಲ್ಡ್‌ಗಳು ಪ್ಲಗ್ಗಿನ ಲೋಹದ ಹೊದಿಕೆಗೆ. ಎಡ ಜೋಡಿಗೆ 1 ಮತ್ತು 4, ಬಲ ಜೋಡಿಗೆ 3 ಮತ್ತು 5. ಇದು ನನ್ನ ಲೆಕ್ಕ. ಹಳೆಯ ಯುರೋಪಿಯನ್ ಯಂತ್ರಗಳ ಡಿನ್ ಸಾಕೆಟ್‌ನಲ್ಲಿ 3 ಎಡಕ್ಕೆ, 5 ಬಲಕ್ಕೆ, 2 ಇಬ್ಬರಿಗೂ ಸಮಾನ ಗ್ರೌಂಡ್ ಎಂಬ ಬೇರೆಯೇ ಸಂಪ್ರದಾಯವಿದೆ. ಮುಂದೊಂದು ದಿನ ಯಾರಾದರೂ ಇದನ್ನು ಹಳೆಯ ರೇಡಿಯೋಗ್ರಾಮ್‌ಗೆ ಸಿಕ್ಕಿಸಿ ತಲೆ ಕೆರೆದುಕೊಳ್ಳದಿರಲೆಂದು ಪ್ಲಗ್ಗಿನ ಕುತ್ತಿಗೆಗೆ ಒಂದು ಚೀಟಿ ಸುತ್ತಿದ್ದೇನೆ. ಪ್ರಿಆಂಪ್‌ನ ಪೆಟ್ಟಿಗೆ ಮೂರು ಪಿನ್ನಿನ ಪ್ಲಗ್ಗಿನ ಅರ್ಥ್‌ಗೆ ನೇರವಾಗಿ ಕಟ್ಟಿದೆ, ಅದರಲ್ಲಿ ರಾಜಿಯಿಲ್ಲ. ಸರ್ಕಿಟ್‌ನ ಸೊನ್ನೆ ಮಾತ್ರ 10 ಓಮ್ ಮತ್ತು ಎದುರುಬದುರು ಡಯೋಡ್‌ಗಳ ಮೂಲಕ ಪೆಟ್ಟಿಗೆಗೆ ಸೇರುತ್ತದೆ. ಮುಂದಿನ ಆಂಪ್ಲಿಫೈಯರ್‌ಗೂ ಅದರದೇ ಅರ್ಥ್ ಇರುವುದರಿಂದ, ಅವೆರಡರ ನಡುವೆ ಬಳೆ ಬೀಳುವುದನ್ನು ಇದು ತಡೆಯುತ್ತದೆ.

ಹಮ್ ಎಷ್ಟು ಇಳಿಯಿತು ಎಂದು ಕಂಪ್ಯೂಟರಿನ ಸೌಂಡ್ ಕಾರ್ಡಿನಲ್ಲಿ ಅಳೆದೆ. 4 ಮಿಲಿವೋಲ್ಟಿನ ಸಂಗೀತದ ಮಟ್ಟಕ್ಕೆ ಹೋಲಿಸಿದರೆ ಎಡ ಚಾನೆಲ್‌ನ 50 ಹರ್ಟ್ಸ್ ಗೆರೆ ಮೊದಲು 41 ಡೆಸಿಬಲ್ ಕೆಳಗಿತ್ತು. ಈಗ 74 ಡೆಸಿಬಲ್ ಕೆಳಗಿದೆ, ಬಲದ್ದು 75. ಇನ್ವರ್ಟರ್ ಮೇಲೆ ಮನೆ ಓಡುವಾಗಲೂ ಸ್ಪೀಕರಿನಿಂದ ಒಂದು ಮಾರು ದೂರ ನಿಂತರೆ ಏನೂ ಕೇಳುವುದಿಲ್ಲ.

ಇಷ್ಟರ ನಡುವೆ ಹೇಳಲು ತಡವಾದ, ಆದರೆ ಕಿವಿಗೆ ಹೆಚ್ಚು ಮುಖ್ಯವಾದ ವಿಷಯ ಕೆಪ್ಯಾಸಿಟೆನ್ಸ್‌ನದು, ಅಂದರೆ ಕೇಬಲ್ಲಿನ ತಂತಿಗಳು ತಮ್ಮ ನಡುವೆ ವಿದ್ಯುತ್ ಹಿಡಿದಿಡುವ ಗುಣದ್ದು. ರಿಸೀವರ್‌ನಲ್ಲಿ ಕೇಳುತ್ತಿದ್ದ ದಿನಗಳಲ್ಲಿ ಮಲ್ಲಿಕಾರ್ಜುನ ಮನ್ಸೂರರ ಒಂದು ಎಲ್‌ಪಿಯಲ್ಲಿ ತಂಬೂರದ ಜವಾರಿ ತಗಡಿನಂತೆ ಮೊನಚಾಗಿತ್ತು. ಸಕಾರ ಬಂದಲ್ಲೆಲ್ಲ ಸೀಟಿ. ಸೂಜಿಯನ್ನು ದೂರುವ ಮುನ್ನ ಕೆಪ್ಯಾಸಿಟೆನ್ಸ್ ಅಳೆಯಬಲ್ಲ ಎಲ್‌ಸಿಆರ್ ಮೀಟರಿನಿಂದ ಕೇಬಲ್ ಅಳೆದೆ. ಆ ಭರ್ಜರಿ ಕೊಆಕ್ಸಿಯಲ್ 1.6 ಮೀಟರಿಗೆ 310 ಪಿಕೋಫ್ಯಾರಡ್. ತೋಳಿನೊಳಗಿನ ತಂತಿಯ 18, ರಿಸೀವರ್‌ನ ಇನ್‌ಪುಟ್‌ನಲ್ಲಿ ಕೂತಿದ್ದ 100 ಸೇರಿ ಒಟ್ಟು 430ರ ಸಮೀಪ. ಈ ಕಾರ್ಟ್ರಿಜ್‌ಗೆ ತಯಾರಕರು ಹೇಳುವುದು 100ರಿಂದ 200. ಸುರುಳಿಯ 550 ಮಿಲಿಹೆನ್ರಿಯೂ 430 ಪಿಕೋಫ್ಯಾರಡ್‌ಗಳೂ 10.3 ಕಿಲೋಹರ್ಟ್ಸ್‌ನಲ್ಲಿ ಅನುರಣಿಸುತ್ತವೆ. 47 ಕಿಲೋಓಮ್ ಭಾರದಲ್ಲಿ ಲೆಕ್ಕ ಹಾಕಿದರೆ 8.7 ಕಿಲೋಹರ್ಟ್ಸ್ ಬಳಿ 3 ಡೆಸಿಬಲ್ ಎತ್ತರದ ಗುಡ್ಡ ಏಳುತ್ತದೆ, ಅದರಾಚೆ ಇಳಿಜಾರು. ಸುರುಳಿಯ ಒಳನಷ್ಟಗಳಿಂದ ನಿಜದ ಗುಡ್ಡ ಸ್ವಲ್ಪ ತಗ್ಗಾಗಿರುತ್ತದೆ, ಆದರೆ ಸಕಾರಗಳು ಸೀಟಿ ಹೊಡೆಯುವ ಜಾಗ ಅದೇ.

ಹೊಸ ಕೇಬಲ್ಲನ್ನು ಅಳೆಯುವಾಗ ಒಂದು ಎಚ್ಚರ ಬೇಕು. ಎರಡು ಒಳತಂತಿಗಳ ನಡುವೆ ಮೀಟರ್ ಹಿಡಿದು ಶೀಲ್ಡನ್ನು ಎಲ್ಲಿಗೂ ಕಟ್ಟದೆ ಬಿಟ್ಟರೆ 68 ಪಿಕೋಫ್ಯಾರಡ್. ಶೀಲ್ಡನ್ನು ಒಂದು ತಂತಿಗೆ ಸೇರಿಸಿ ಅಳೆದರೆ 105. ಸಮತೋಲಿತ ಇನ್‌ಪುಟ್‌ನಲ್ಲಿ ಕಾರ್ಟ್ರಿಜ್ ಕಾಣುವುದು ಮೊದಲನೆಯದನ್ನು, ಏಕೆಂದರೆ ಅಲ್ಲಿ ಶೀಲ್ಡ್ ಎರಡೂ ತಂತಿಗಳ ನಟ್ಟನಡುವಿನ ಮಟ್ಟದಲ್ಲಿ ನಿಂತಿರುತ್ತದೆ. ಸಾಮಾನ್ಯ ಪ್ರಿಆಂಪ್‌ಗೆ ಇದೇ ಕೇಬಲ್ ಹಾಕಿ ಶೀಲ್ಡನ್ನು ಮರಳು ತಂತಿಯ ಜೊತೆ ಗ್ರೌಂಡ್ ಮಾಡಿದವರು ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಬೇಕು. ನನ್ನ ಲೆಕ್ಕದಲ್ಲಿ ಕೇಬಲ್ 68, ತೋಳು 18, ಸಾಕೆಟ್ ಮತ್ತು ಬೋರ್ಡಿನದು 14, ಒಟ್ಟು 100. ಇನ್‌ಪುಟ್‌ನ ಎರಡು ಕಾಲುಗಳ ನಡುವೆ 47 ಪಿಕೋಫ್ಯಾರಡ್‌ನ ಒಂದು ಪಾಲಿಸ್ಟೈರೀನ್ ಕೆಪ್ಯಾಸಿಟರ್ ಬೆಸೆದು 147ಕ್ಕೆ ತಂದೆ. ಅನುರಣನ 17.7 ಕಿಲೋಹರ್ಟ್ಸ್‌ಗೆ ಸರಿಯಿತು, ಗುಡ್ಡ ಡೆಸಿಬಲ್ಲಿನ ಹತ್ತನೆಯ ಒಂದೆರಡು ಭಾಗಕ್ಕೆ ಇಳಿದು ಹೆಚ್ಚೂಕಡಿಮೆ ಸಪಾಟಾಯಿತು. ಆ ಕೆಪ್ಯಾಸಿಟರ್ ಹಾಕದೆ 100ಕ್ಕೇ ಬಿಟ್ಟೂ ಕೇಳಿದೆ. ವ್ಯತ್ಯಾಸ ಕಂಡೂ ಕಾಣದಷ್ಟು. ಬೆಸೆದದ್ದನ್ನು ತೆಗೆಯಲು ಸೋಮಾರಿತನವಾಗಿ ಹಾಗೇ ಉಳಿಸಿದೆ. ಮನ್ಸೂರರ ತಂಬೂರ ಈಗ ತಂಬೂರದಂತಿದೆ.

ಕೊನೆಗೆ ಉಳಿದದ್ದು ಬಿಳಿ ನೀಲಿಗಳು, ಕೆಂಪು ಹಸಿರುಗಳು ಅದಲುಬದಲಾಗಿಲ್ಲ ಎಂಬ ಖಾತ್ರಿ. ಮೂಲ ರೆಗಾ ಜೋಡಣೆಯಲ್ಲಿ ಎಡ ಜೋಡಿ ತಿರುಗಿದರೆ ತೋಳು ಸಿಗ್ನಲ್ ತಂತಿಗೆ ಕಟ್ಟಿದಂತಾಗಿ ಹಮ್ ಬಂದು ತಪ್ಪು ತಾನೇ ಕೂಗಿ ಹೇಳುತ್ತದೆ. ಸಮತೋಲಿತ ಜೋಡಣೆಯಲ್ಲಿ ಎರಡೂ ಕಾಲುಗಳು ಸಮಾನವಾದ್ದರಿಂದ, ಜೋಡಿ ತಿರುಗಿದರೂ ಸದ್ದಿನ ಸುಳಿವು ಸಿಗುವುದಿಲ್ಲ. ಎರಡು ಸ್ಪೀಕರ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಬಡಿದು, ನಡುವೆ ನಿಲ್ಲಬೇಕಾದ ದನಿ ಕೋಣೆಯ ತುಂಬ ಚದುರುತ್ತದೆ, ಅಷ್ಟೇ. ಮೋನೋ ಮುದ್ರಣದ ಹಳೆಯ ಎಲ್‌ಪಿಯೊಂದನ್ನು ನುಡಿಸಿ, ಎರಡೂ ಚಾನೆಲ್‌ಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸಿ, ಒಂದರಿಂದ ಇನ್ನೊಂದನ್ನು ಕಳೆದೆ. ಮೋನೋದಲ್ಲಿ ಎರಡೂ ಒಂದೇ ಆದ್ದರಿಂದ ಹಾಡು ಬಹುತೇಕ ಅಳಿಸಿಹೋಗಿ ಧೂಳಿನ ಚಟಪಟ ಮಾತ್ರ ಉಳಿಯಬೇಕು. ಉಳಿದದ್ದು ಇಡೀ ಹಾಡು, ಮೊದಲಿಗಿಂತ ಜೋರಾಗಿ. ಡಿನ್ ಪ್ಲಗ್ ಬಿಚ್ಚಿ ನೋಡಿದರೆ 3 ಮತ್ತು 5ರಲ್ಲಿ ಕೆಂಪು ಹಸಿರು ಜಾಗ ಬದಲಿಸಿ ಕೂತಿದ್ದವು. ಪ್ಲಗ್ಗನ್ನು ಬೆಸುಗೆಯ ಬದಿಯಿಂದ ನೋಡುವಾಗ ಪಿನ್‌ಗಳ ಕ್ರಮ ಕನ್ನಡಿಯಲ್ಲಿನಂತೆ ತಿರುಗುತ್ತದೆ ಎಂಬುದನ್ನು ಬಲ ಜೋಡಿಯ ಹೊತ್ತಿಗೆ ಮರೆತಿದ್ದೆ. ಹತ್ತು ನಿಮಿಷದ ಕೆಲಸ. ಮತ್ತೆ ಕಳೆದಾಗ ಹಾಡು ಅಳಿಸಿಹೋಗಿ ಚಟಪಟ ಉಳಿಯಿತು. ಪೆಟ್ಟಿಗೆಯ ಮುಚ್ಚಳಕ್ಕೆ ಆರು ಸ್ಕ್ರೂ ಹಾಕಿದೆ.